ಷರಾ

ಎದೆಪಟ್ಟಿ ಕೊಡುವಾಗ ಸುಕೂರ ಮಾಸ್ತರು ಹೇಳಿದ್ದರು:
ಒದ್ದೆ ಮಾಡಿ ಕಟ್ಟಿಕೋ, ಒಣ ಚರ್ಮ ಮಾತಾಡುವುದಿಲ್ಲ.
ಹನ್ನೆರಡು ನಿಮಿಷ ಓಡು.
ಆಮೇಲೆ ಒಂದು ನಿಮಿಷ ಸುಮ್ಮನೆ ನಿಲ್ಲು,
ನಿಂತದ್ದನ್ನೂ ಅದು ಬರೆದುಕೊಳ್ಳುತ್ತದೆ.

ಅಂಚೆ ಕಚೇರಿಯ ಕಿಟಕಿಯ ಹಿಂದೆ
ಹತ್ತೊಂಬತ್ತು ವರ್ಷ ಕೂತವಳ ಎದೆಯಲ್ಲಿ
ಬರೆದುಕೊಳ್ಳಲು ಏನಿದ್ದೀತು ಅಂದುಕೊಂಡೇ
ಕೋಡಿಬಾಗದ ಕಡೆ ಮುಖ ಮಾಡಿ ಓಡಿದೆ.

ಮೊದಲ ಸಲ ಸಾವಿರದ ಒಂಬೈನೂರು ಮೀಟರು,
ಸರಾಸರಿ ಬಡಿತ ನೂರ ಐವತ್ತೆಂಟು,
ನಿಂತ ನಿಮಿಷದಲ್ಲಿ ಇಳಿದದ್ದು ಇಪ್ಪತ್ತಾರು.
ಐದು ವಾರ ಬೆವರು ಸುರಿಸಿ, ರಾತ್ರಿಯ ಅನ್ನ ಬಿಟ್ಟು,
ಎರಡನೆಯ ಸಲ ಸಾವಿರದ ಏಳುನೂರ ನಲವತ್ತು.
ನೂರ ಅರವತ್ತೇಳು.
ಇಳಿದದ್ದು ಬರೇ ಹತ್ತೊಂಬತ್ತು.

ಫೋನಿನ ತೆರೆಯ ಮೇಲೆ ಕೆಂಪು ಗೆರೆ.
ಅದರ ಕೆಳಗೆ ಯಾರೋ ಎಲ್ಲೋ ಕೂತು ಬರೆದಿಟ್ಟ ಮಾತು:
ನಿಮ್ಮ ದೇಹದ ವಯಸ್ಸು ಐವತ್ತೆರಡು.
ನನ್ನ ವಯಸ್ಸು ನಲವತ್ತನಾಲ್ಕು.
ನಡುವಿನ ಎಂಟು ವರ್ಷ ಯಾರು ತಿಂದರು?

ಇನ್ನೂರ ಇಪ್ಪತ್ತರಲ್ಲಿ ವಯಸ್ಸು ಕಳೆ, ಅದೇ ನಿನ್ನ ಗಡಿ
ಅನ್ನುತ್ತದೆ ಲೆಕ್ಕ. ಅಂದರೆ ನೂರ ಎಪ್ಪತ್ತಾರು.
ನನ್ನ ಎದೆ ನೂರ ಎಂಬತ್ತನಾಲ್ಕರ ತನಕ ಹೋಗಿ ಬಂದಿದೆ
ಯಾರ ಅಪ್ಪಣೆಯನ್ನೂ ಕೇಳದೆ.
ಹೋದದ್ದು ತಪ್ಪೋ, ಗಡಿ ಹಾಕಿದ್ದು ತಪ್ಪೋ?
ಮಾಸ್ತರನ್ನು ಕೇಳಿದೆ. ಗಡಿ ಊರಿನದ್ದು, ನಿನ್ನದಲ್ಲ ಅಂದರು.

ಹಾಗಾದರೆ ಆರನೆಯ ನಿಮಿಷದ ಈ ಇನ್ನೂರ ಹದಿಮೂರು?
ಒಂದೇ ಒಂದು ಸೂಜಿಮೊನೆ, ಆಕಾಶಕ್ಕೆ ಚುಚ್ಚಿದ್ದು.

ಆಗ ಅಪ್ಪನ ನೆನಪಾಯಿತು.
ಬೈತಖೋಲ ಬಂದರಿನಲ್ಲಿ ಭರತಿಕೋಲು ಓದುವ ಕೆಲಸ ಅವನದು,
ಗಂಟೆಗೊಮ್ಮೆ ನೀರು ಎಷ್ಟು, ರಿಜಿಸ್ಟರಿನಲ್ಲಿ ಎಷ್ಟು.
ಸೋಮಾ ತಾಂಡೇಲನ ಟ್ರಾಲರು ಹಾದು ಹೋದರೆ
ತೆರೆ ಬಂದು ಕೋಲಿಗೆ ಬಡಿದು ನೀರು ಮೇಲೆ ಜಿಗಿಯುತ್ತಿತ್ತು.
ನಾನು ಕೂಗುವೆ: ಅಪ್ಪ, ಏರಿತು, ಏರಿತು!
ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ಬೀಡಿ ಹಚ್ಚಿ,
ಮೂರು ತೆರೆ ಹೋಗಲಿ ಅನ್ನುತ್ತಿದ್ದ.
ಆಮೇಲೆ ನೀರು ಬರೆದು, ಕೊನೆಯ ಕಾಲಮ್ಮಿನಲ್ಲಿ,
ಷರಾ: ದೋಣಿ.

ಆರನೆಯ ನಿಮಿಷ ನನ್ನ ಪಟ್ಟಿ ಜಾರಿತ್ತು.
ಗಾಳಿಗೆ ಅಂಗಿ ಪಟಪಟ ಹೊಡೆದುಕೊಂಡಿತ್ತು.
ಷರಾ: ಅಂಗಿ.

ಇನ್ನು ಆ ಸೋಲು.
ಕ್ಯಾಲೆಂಡರ್ ತೆಗೆದೆ. ಮೊದಲ ಓಟ ಹುಣ್ಣಿಮೆಯ ಮರುದಿನ,
ಬೆಳಗಿನ ಆರಕ್ಕೆ ಪೂರ್ತಿ ಇಳಿತ.
ಮರಳು ಸಿಮೆಂಟಿನ ಹಾಗೆ, ಹೆಜ್ಜೆ ಇಟ್ಟರೆ ಗುರುತೂ ಬೀಳದು.
ಎರಡನೆಯದು ಸಪ್ತಮಿ.
ಅದೇ ಆರು ಗಂಟೆ, ಆದರೆ ಕಡಲು ಏರಿ ನಿಂತಿತ್ತು,
ಗಟ್ಟಿ ಮರಳೆಲ್ಲ ನೀರಡಿಗೆ.
ನಾನು ಗಾಳಿಮರಗಳ ಬುಡದ ಸಡಿಲ ಮರಳಿನಲ್ಲಿ
ಕಾಲು ಹೂತು, ಕಿತ್ತು, ಹೂತು ಓಡಿದ್ದೆ.
ಎದೆ ಸೋತಿರಲಿಲ್ಲ.
ಎರಡು ಬೇರೆ ನೆಲಗಳನ್ನು ನಾನು ಒಂದೇ ತಕ್ಕಡಿಗೆ ಹಾಕಿದ್ದೆ.

ಗೆದ್ದಿತ್ತು ಅಂತಲೂ ಹೇಳಲಾರೆ. ಗೊತ್ತಿಲ್ಲ.
ಮುಂದಿನ ಪಾಡ್ಯಕ್ಕೆ, ಇಳಿತಕ್ಕೆ, ಅದೇ ಚಪ್ಪಲಿಕಲ್ಲಿನಿಂದ ಹೊರಟು
ಇನ್ನೊಮ್ಮೆ ಓಡಬೇಕು, ಆಗ ಗೊತ್ತಾದೀತು.

ಒಂದೇ ಒಂದು ದಿಬ್ಬ ಉಳಿಯಿತು.
ಓಟ ಮುಗಿದು ಮುಕ್ಕಾಲು ಗಂಟೆಯ ಮೇಲೆ, ಏಳು ಹತ್ತಕ್ಕೆ,
ಮೆಲ್ಲಗೆ ತೊಂಬತ್ತು, ನೂರ ಹತ್ತು, ನೂರ ಮೂವತ್ತು,
ನೂರ ನಲವತ್ತೆಂಟು.
ಓಡಿರಲಿಲ್ಲ, ಮೆಟ್ಟಿಲೂ ಹತ್ತಿರಲಿಲ್ಲ.
ಹೃದಯ ತಜ್ಞರ ನಂಬರು ಹುಡುಕುತ್ತಾ ಕೂತವಳಿಗೆ
ಕೈಯ ವಾಸನೆ ಮೂಗಿಗೆ ಬಡಿಯಿತು.

ಪಟ್ಟಿ ಬಿಚ್ಚುವುದು ಮರೆತೇ ಮಾರ್ಕೆಟ್ಟಿಗೆ ಹೋಗಿದ್ದೆ.
ಶೇವಂತಿ ನೂರಕ್ಕೆ ಐದೇ ಅಂದಿದ್ದಳು.
ನಿನ್ನೆ ಎಂಟು ಕೊಟ್ಟವಳು!
ಬುಟ್ಟಿ ದಾಟಿ ಮೂರು ಹೆಜ್ಜೆ ಹೋಗಿ, ತಿರುಗಿ ಬಂದು,
ಅವಳ ತಾಯಿ ಕೊಡುತ್ತಿದ್ದ ಲೆಕ್ಕವನ್ನೆಲ್ಲ ತೆಗೆದು,
ಏಳಕ್ಕೆ ಇಳಿಸಿದ್ದೆ.
ಅಲ್ಲಿ ನೋಡಿ, ಏಳು ಇಪ್ಪತ್ತಕ್ಕೆ ಗೆರೆಯೂ ಇಳಿದಿದೆ,
ಒಂದೇ ನಿಮಿಷಕ್ಕೆ ಮೂವತ್ತೊಂದು.

ಮಾಸ್ತರು ಕೊಟ್ಟ ಹಾಳೆಯಲ್ಲಿ ಷರಾ ಎಂಬ ಕಾಲಮ್ಮಿಲ್ಲ.
ಅಂಚಿನಲ್ಲಿ ಗೆರೆ ಎಳೆದು ನಾನೇ ಮಾಡಿಕೊಂಡೆ.
ಪೆನ್ಸಿಲಿನಲ್ಲಿ ಬರೆದೆ:
ಬಂಗಡೆ.